ತಾವರೆ ಹೂವಿನ ಕಂಪ್ಯೂಟರು

ನಮ್ಮ ನಡುಮನೆಯ ಬಾಗಿಲಿಗೆ ಒಂದು ಕೆಟ್ಟ ಚಾಳಿ. ಹಿತ್ತಲ ಕಡೆಯಿಂದ ಚೂರು ಗಾಳಿ ಬಂದರೂ ಸಾಕು, ಧಡಾರೆಂದು ಹಾಕಿಕೊಳ್ಳುತ್ತದೆ. ಅದಕ್ಕೆ ಒತ್ತಾಗಿ ಒಂದು ತಗಡಿನ ಡಬ್ಬಿ ಇಟ್ಟಿದ್ದೇನೆ. ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರ. ಒಂದು ಬದಿಯಲ್ಲಿ ಪುಟ್ಟ ಫ್ಯಾನು, ಅದರ ಪಕ್ಕ ಒಳಕ್ಕೆ ತಗ್ಗಿ ಕೂತ ಕೆಂಪು ಬಣ್ಣದ ಜಾರು ಸ್ವಿಚ್ಚು. ಇನ್ನೊಂದು ಬದಿಯಿಂದ ಬಣ್ಣಬಣ್ಣದ ವೈರುಗಳು ಕರುಳಿನ ಹಾಗೆ ಹೊರಗೆ ಬಿದ್ದಿವೆ. ಇದು ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾಡಿ ಒಳಗೆ ಬಿಡುವ ಡಬ್ಬಿ. ಸತ್ತು ಎಷ್ಟೋ ವರ್ಷವಾಯಿತು.

ನನ್ನ ಹೆಂಡತಿಗೂ ಅದಕ್ಕೂ ಆಗಿಬರುವುದಿಲ್ಲ.

"ರೀ, ಈ ಸಲ ಗುಜರಿಯವ್ನು ಬಂದ್ರೆ ಇದನ್ನ ಹಾಕ್ಬಿಡ್ತೀನಿ ನೋಡಿ. ಎಡವೀ ಎಡವೀ ನನ್ ಹೆಬ್ಬೆಟ್ಟಿನ ಉಗುರೇ ಹೋಯ್ತು."

"ಹಾಕು. ಅದರ ಜೊತೆ ನಾನೂ ತಕ್ಕಡೀಲಿ ಕೂತ್ಕೋತೀನಿ."

"ಕೂತ್ಕೊಳ್ಳಿ. ತೂಕಕ್ಕಾದ್ರೂ ಬತ್ತೀರಿ."

ನೋಡಿದಿರಾ? ಒಂದು ಕಾಲದಲ್ಲಿ ಮೂರು ಊರನ್ನು ಬೇಸ್ತು ಬೀಳಿಸಿದವನಿಗೆ ಈಗ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು.

ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೊಚ್ಚಿಕೊಳ್ಳುತ್ತಿರುವುದು ನಿಜವೇ, ಆದರೆ ಸುಳ್ಳು ಕೊಚ್ಚುತ್ತಿಲ್ಲ. ನಾನು ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದೆ. ಕಡೂರಿನಲ್ಲಿ ಹೊರಟು ಬೀರೂರು, ಅಜ್ಜಂಪುರದ ಮೇಲೆ ತರೀಕೆರೆ. ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಆ ದಾರಿಯಲ್ಲಿ ಓಡಾಡಿಯೂ ಕಂಡಕ್ಟರ್ ರುದ್ರೇಶಿಯ ಕೈಲಿ ಒಮ್ಮೆಯಾದರೂ ಏಮಾರದವರು ಯಾರಾದರೂ ಇದ್ದರೆ, ಅವರು ಬಸ್ಸು ಹತ್ತಿದವರಲ್ಲ, ನಡೆದುಕೊಂಡು ಹೋದವರು. ಬೀರೂರಿನ ಉರಿಬಿಸಿಲಲ್ಲಿ ಬಸ್ಸು ನಿಂತಾಗ ಗೊರಕೆ ಹೊಡೆಯುತ್ತಿದ್ದವನ ಕಿವಿಯಲ್ಲಿ "ಕೆಮ್ಮಣ್ಣುಗುಂಡಿ ಬಂತು ಇಳೀರಿ, ಕಿವಿ ಮುಚ್ಕೊಳ್ಳಿ, ಚಳಿ" ಎನ್ನುತ್ತಿದ್ದೆ. ಆ ಮಹಾನುಭಾವ ತಲೆಗೆ ಟವೆಲ್ ಸುತ್ತಿಕೊಂಡು ಇಳಿದು, ರೈಲ್ವೆ ಗೇಟಿನ ಪಕ್ಕ ನಿಂತು ಬೆಟ್ಟ ಹುಡುಕುತ್ತಿದ್ದ.

ಚಿಕ್ಕಂದಿನಿಂದಲೂ ಹೀಗೆಯೇ. ತರೀಕೆರೆಯಲ್ಲಿ ಓದುತ್ತಿದ್ದಾಗ ಹೆಡ್‌ಮಾಸ್ತರರ ಮೇಜಿನ ಗಡಿಯಾರದ ಮುಳ್ಳನ್ನು ಬೆರಳಲ್ಲಿ ತಳ್ಳಿ ಅರ್ಧ ಗಂಟೆ ಮುಂದಿಟ್ಟಿದ್ದೆ. ಜವಾನ ನೋಡಿ ಗಂಟೆ ಬಾರಿಸಿದ, ಶಾಲೆಗೆ ಶಾಲೆಯೇ ಹೋ ಎಂದು ಮನೆಗೆ ಓಡಿತು. ಮರುದಿನ ವಿಚಾರಣೆ. ಗಡಿಯಾರ ಮುಟ್ಟಬಲ್ಲ ಹುಡುಗ ಇಡೀ ಶಾಲೆಯಲ್ಲಿ ಒಬ್ಬನೇ ಎಂದು ತೀರ್ಮಾನಿಸಿ, ನನ್ನ ಪಕ್ಕ ಕೂರುತ್ತಿದ್ದ ಪರಮೇಶಿಯ ಅಂಗೈಗೆ ಆರು ಬಾರಿಸಿದರು. ಅವನು ನನ್ನ ಹೆಸರು ಹೇಳಲಿಲ್ಲ. ಬೆಂಚಿಗೆ ಬಂದು ಕೂತು, ಕೈ ಊದಿಕೊಳ್ಳುತ್ತಾ ಮೆಲ್ಲಗೆ ಅಂದ:

"ಮುಳ್ಳನ್ನ ಮುಂದಿನಿಂದ ತಳ್ಳಬಾರದು ಕಣೋ. ಒಳಗೆ ಹಲ್ಲು ಸವೀತದೆ. ಹಿಂದುಗಡೆ ಕೀಲಿ ಇರುತ್ತೆ, ಅದನ್ನ ತಿರುಗಿಸ್ಬೇಕು."

ಏಟು ತಿಂದದ್ದಕ್ಕಿಂತ ಗಡಿಯಾರದ ಹಲ್ಲಿನ ಚಿಂತೆ ಅವನಿಗೆ. ಆ ಪರಮೇಶಿಯದೇ ಈ ಡಬ್ಬಿ.

ದೊಡ್ಡವನಾದ ಮೇಲೆ ಅವನು ತರೀಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ನಮ್ಮ ಬಸ್ಸು ತರೀಕೆರೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಆ ಇಪ್ಪತ್ತು ನಿಮಿಷ ನಾನು ಅಲ್ಲಿ. ಬಿಸಿ ಸೀಸದ ಹೊಗೆ, ಬಿಚ್ಚಿದ ಸೆಟ್ಟುಗಳ ಧೂಳು ವಾಸನೆ, ಶೆಲ್ಫಿನ ಮೇಲೆ ಸದಾ ಹಾಡುವ ಅವನದೇ ಒಂದು ಟ್ರಾನ್ಸಿಸ್ಟರು. ಅದರ ಬೆನ್ನಿನಲ್ಲಿ ಒಂದು ಬ್ಯಾಂಡ್ ಸ್ವಿಚ್ಚಿತ್ತು. ಈ ಕಡೆ ತಳ್ಳಿದರೆ ಭದ್ರಾವತಿ ಸ್ಟೇಷನ್ನು, ಆ ಕಡೆ ತಳ್ಳಿದರೆ ಬರೀ ಬುಸ್ ಎನ್ನುವ ಸದ್ದು. ಅವನು ತಲೆ ಬಗ್ಗಿಸಿ ಕೆಲಸ ಮಾಡುವಾಗ ನಾನು ಹೋದವನೇ ಆ ಸ್ವಿಚ್ಚನ್ನು ಸರಿಸುತ್ತಿದ್ದೆ. ಅವನು ತಲೆಯೆತ್ತದೆ, "ಬಂದ್ಯೇನೋ ರುದ್ರಾ" ಎಂದು ಕೈ ಹಿಂದೆ ಚಾಚಿ ಸರಿ ಮಾಡುತ್ತಿದ್ದ. ನಾನು ನಮಸ್ಕಾರ ಹೇಳಿದ್ದು ಅದು, ಅವನು ಕೂತ್ಕೋ ಅಂದದ್ದು ಇದು. ಹದಿನೈದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ರೇಡಿಯೋಗೆ ಲೈಸೆನ್ಸ್ ಇದ್ದ ಕಾಲ ನಿಮಗೆ ನೆನಪಿರಬಹುದು. ದೇವನೂರಿನ ಕಡೆಯ ಗೌಡರೊಬ್ಬರು ಬಸ್ಸಿನಲ್ಲಿ ಕೂತು ತಮ್ಮ ಹೊಸ ರೇಡಿಯೋದ ಬಗ್ಗೆ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. "ಗೌಡ್ರೇ, ನಾಳೆ ಲೈಸೆನ್ಸ್ ನೋಡೋಕೆ ನಿಮ್ಮೂರಿಗೆ ಸಾಹೇಬ್ರು ಬತ್ತಾರಂತೆ" ಅಂದೆ, ಅಷ್ಟೇ. ಅವರು ಹೋಗಿ ರೇಡಿಯೋವನ್ನು ರಾಗಿ ಕಣಜದೊಳಗೆ ಹೂತರು. ವಾರ ಬಿಟ್ಟು ಅದು ಪರಮೇಶಿಯ ಅಂಗಡಿಗೆ ಬಂತು. ಅವನು ಅಲ್ಲಾಡಿಸಿದರೆ ಸ್ಪೀಕರಿನೊಳಗಿಂದ ಎರಡು ಹಿಡಿ ರಾಗಿ ಬಿತ್ತು. "ಲೇ, ಇದು ನಿನ್ ಕೆಲ್ಸಾನೇ ತಾನೆ?" ಎಂದ. ಹೂಂ ಅಂದೆ. ಆ ದಿನ ಅವನು ನಕ್ಕ ನಗುವಿಗೆ ಮೇಜಿನ ಮೇಲಿದ್ದ ಸ್ಕ್ರೂಗಳೆಲ್ಲ ಕುಣಿದವು. ಅವನ ಮುಂದೆ ತಪ್ಪೊಪ್ಪಿಕೊಳ್ಳುವುದು ನನಗೆ ಅಷ್ಟು ಸುಲಭವಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಆಮೇಲೆ ಗೊತ್ತಾಗುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಂತೆ ಟೀವಿ ಬಂತು, ರೇಡಿಯೋಗಳು ಅಟ್ಟ ಸೇರಿದವು. ಪರಮೇಶಿಯ ಮೇಜು ಖಾಲಿಯಾಯಿತು. ಖಾಲಿ ಮೇಜಿನ ಮೇಲೆ ಅವನು ಒಂದು ಇಂಗ್ಲಿಷ್ ಪತ್ರಿಕೆ ಹರಡಿಕೊಂಡು ಕೂತಿರುತ್ತಿದ್ದ. ಒಂದು ದಿನ ಹೇಳಿದ:

"ಕಂಪ್ಯೂಟರ್ ಮಾಡ್ತೀನಿ ಕಣೋ."

"ಮಾಡು. ಉಪ್ಪು ಖಾರ ಜಾಸ್ತಿ ಹಾಕು."

"ತಮಾಷೆ ಅಲ್ವೋ. ಇದನ್ನ ಯಾರೂ ಪೂರ್ತಿ ಮಾಡಲ್ಲ. ಒಂದೊಂದು ಸಾಮಾನು ಒಂದೊಂದು ಕಡೆ ಮಾಡಿರ್ತಾರೆ. ತಂದು ಜೋಡಿಸೋದು. ಜೋಡಿ ಸರಿಯಾಗಿದ್ರೆ ಎದ್ದು ಕೂತ್ಕೊಳ್ಳುತ್ತೆ."

ಅಜ್ಜಂಪುರದಲ್ಲಿ ಶಾರದಮ್ಮ ಎಂಬ ಒಬ್ಬರು ಟೈಪಿಂಗ್ ಕಲಿಸುವ ಶಾಲೆ ನಡೆಸುತ್ತಿದ್ದರು. ಅವರ ಮಹಡಿಯ ಕೋಣೆ ಖಾಲಿ ಇತ್ತು. ಕಂಪ್ಯೂಟರ್ ತರಗತಿ ಮಾಡುತ್ತೇವೆ, ಕೋಣೆ ಕೊಡಿ ಎಂದು ಶಿವಮೊಗ್ಗದ ಯಾರೋ ಕೇಳುತ್ತಿದ್ದರು. ಆದರೆ ಶಾರದಮ್ಮನ ಟೈಪ್‌ರೈಟರುಗಳನ್ನು ರಿಪೇರಿ ಮಾಡುತ್ತಿದ್ದವನು ಪರಮೇಶಿ. ಅವನ ಮೇಲೆ ಅವರಿಗೆ ನಂಬಿಕೆ. "ನೀವು ಒಂದು ಕಂಪ್ಯೂಟರ್ ಮಾಡಿ ತಂದು ತೋರಿಸಿ ಪರಮೇಶಪ್ಪನೋರೆ. ಓಡಿದ್ರೆ ಕೋಣೆ ನಿಮ್ದು, ಮೇಷ್ಟ್ರೂ ನೀವೇ" ಎಂದು ಮಾತು ಕೊಟ್ಟಿದ್ದರು. ಅವನಿಗೆ ಬದುಕಲು ಇದ್ದ ದಾರಿ ಅದೊಂದೇ. ಅದು ನನಗೂ ಗೊತ್ತಿತ್ತು.

ಜೋಡಿ ಹುಡುಕುವುದರಲ್ಲಿ ವರ್ಷ ಕಳೆಯಿತು. ಬೆಂಗಳೂರಿಗೆ ಹೋಗುವುದು, ಹಳೆಯ ಸಾಮಾನು ಮಾರುವ ಗಲ್ಲಿಗಳಲ್ಲಿ ಕೂತು ಎತ್ತಿ ಎತ್ತಿ ನೋಡುವುದು, ಟವೆಲಿನಲ್ಲಿ ಸುತ್ತಿ ತರುವುದು. ಮೊದಲು ಮದರ್‌ಬೋರ್ಡ್ ಬಂತು. ಹಸಿರು ಹಲಗೆ, ಮೇಲೆ ಕರಿ ಜಿರಳೆಗಳನ್ನು ಸಾಲಾಗಿ ಅಂಟಿಸಿದ ಹಾಗೆ. ಆಮೇಲೆ ಮಾನಿಟರ್. ಅದರ ಪ್ಲಗ್ಗಿಗೆ ಒಂಬತ್ತು ಕಡ್ಡಿ, ಚಿತ್ರ ಕಳಿಸುವ ಕಾರ್ಡಿನಲ್ಲಿ ಒಂಬತ್ತು ತೂತು. ನಾನು ಖುಷಿಯಿಂದ ಚುಚ್ಚಲು ಹೋದೆ. ಅವನು ನನ್ನ ಮಣಿಕಟ್ಟು ಹಿಡಿದ.

"ಹಾಕ್ಬೇಡ! ಈ ಕಾರ್ಡು ಬೇರೆ ಥರದ ಮಾನಿಟರ್‌ದು. ಚುಚ್ಚಿದ್ರೆ ಸಲೀಸಾಗಿ ಕೂತ್ಕೊಳ್ಳುತ್ತೆ, ಆಮೇಲೆ ಸುಟ್ಟೋಗುತ್ತೆ."

"ಕೂತ್ಕೊಂಡ ಮೇಲೆ ಇನ್ನೇನೋ?"

"ಕೂತ್ಕೊಂಡಿದ್ದೆಲ್ಲ ಹೊಂದ್ಕೊಳ್ಳಲ್ಲ ರುದ್ರಾ. ಅದೇ ಕಷ್ಟ ಇದ್ರಲ್ಲಿ."

ಆ ಕಾರ್ಡನ್ನು ಬದಲಾಯಿಸಲು ಮತ್ತೆ ಬೆಂಗಳೂರು. ಅವನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಒಂದು ಸಾಮಾನು, ಬಲಕ್ಕೆ ಇನ್ನೊಂದು, ನಡುವೆ ಗೆರೆ. "ವಧು ಕಡೆಯೋರು ಯಾರೋ?" ಎಂದು ನಾನು ರೇಗಿಸುತ್ತಿದ್ದೆ. ಕೊನೆಗೆ ಈ ಪವರ್ ಸಪ್ಲೈ ಬಂತು. ಇದರಿಂದ ಮದರ್‌ಬೋರ್ಡಿಗೆ ಹೋಗುವ ಪ್ಲಗ್ಗುಗಳು ಎರಡು, ನೋಡಲು ಅವಳಿಜವಳಿ. ಅದಲು ಬದಲಾದರೆ ಬೋರ್ಡಿನ ಕಥೆ ಮುಗಿದಂತೆ. ಗುರುತು ಒಂದೇ: ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. "ಕಪ್ಪಿನ ಪಕ್ಕ ಕಪ್ಪು" ಎಂದು ಅವನು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹೊರಮೈ ಮಾತ್ರ ನಮ್ಮ ಕಡೆಯದು. ಕಡೂರಿನಲ್ಲಿ ಮದುವೆ ಟ್ರಂಕು ಮಾಡುವ ಒಬ್ಬ ಮುದುಕರಿದ್ದರು. ನಾನೇ ಅಳತೆ ಕೊಟ್ಟು ಮಾಡಿಸಿದೆ. ಹಿಂದೆ ಫ್ಯಾನಿಗೂ ಸ್ವಿಚ್ಚಿಗೂ ಕಿಂಡಿ ಕೊರೆದರು. ತರಲು ಹೋದರೆ, ಕೈ ಅಭ್ಯಾಸ ನೋಡಿ, ಮುಚ್ಚಳದ ಮೇಲೆ ಗುಲಾಬಿ ಬಣ್ಣದ ದೊಡ್ಡ ತಾವರೆ ಬರೆದು, ಪಕ್ಕದಲ್ಲಿ ಚಿಲಕವನ್ನೂ ಇಟ್ಟುಬಿಟ್ಟಿದ್ದರು. "ಹುಡುಗಿ ಹೆಸರು ಏನಂತ ಬರೀಲಿ?" ಎಂದು ಬ್ರಷ್ಷು ಹಿಡಿದೇ ಕೇಳಿದರು. "ಕಂಪ್ಯೂಟರಮ್ಮ" ಅಂದೆ. ಬರೆದೇಬಿಟ್ಟರು. ಪರಮೇಶಿ ತಲೆ ಚಚ್ಚಿಕೊಂಡು ಆ ಹೆಸರನ್ನು ಸೀಮೆಎಣ್ಣೆ ಹಾಕಿ ಒರೆಸಿದ. ತಾವರೆಯನ್ನು ಮಾತ್ರ ಉಳಿಸಿಕೊಂಡ.

ಒಂದು ಭಾನುವಾರ ಎಲ್ಲ ಜೋಡಿಸಿ ಸ್ವಿಚ್ ಹಾಕಿದ. ಫ್ಯಾನು ತಿರುಗಿತು. ಪರದೆಯ ಮೂಲೆಯಲ್ಲಿ ಹಸಿರು ಅಂಕಿ ಏರುತ್ತ ಹೋಯಿತು. ಆಮೇಲೆ ಟ್ರಂಕಿನೊಳಗಿಂದ ಗುಬ್ಬಿಮರಿಯಂತೆ ಒಂದೇ ಒಂದು ಸಲ "ಕೀಂ" ಎಂದಿತು. ಪರಮೇಶಿ ಎರಡೂ ಕೈಯನ್ನು ಲುಂಗಿಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಎದ್ದು ಹೋಗಿ ಕೊಡದಿಂದ ನೀರು ಕುಡಿದು ಬಂದ.

ಅವನು ಅತ್ತ ಹೋದಾಗ ನನ್ನ ಕೈ ಸುಮ್ಮನಿರಬೇಕಲ್ಲ? ಕೀಬೋರ್ಡು ಮಗುಚಿ ನೋಡಿದೆ. ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚು! ಸರಿಸಿದೆ. ಅವನು ಬಂದು ಒತ್ತಿದರೆ ಒಂದಕ್ಷರವೂ ಮೂಡಲಿಲ್ಲ. ಅವನ ಮುಖ ಬಿಳುಚಿತು. ಅರ್ಧ ನಿಮಿಷ. ಆಮೇಲೆ ನನ್ನ ಮುಖ ನೋಡಿದ, ಕೀಬೋರ್ಡು ಮಗುಚಿದ, ಬಿದ್ದು ಬಿದ್ದು ನಕ್ಕ.

"ಇದ್ರಲ್ಲೂ ಒಂದು ಸಿಕ್ತೇನೋ ನಿಂಗೆ ಪಾಪಿ!"

ಆಮೇಲೆ ಟ್ರಂಕಿನ ಒಂದೊಂದು ಭಾಗವನ್ನೂ ಬೆರಳಿಟ್ಟು ತೋರಿಸಿದ. ಹಿಂದಿನ ಕೆಂಪು ಸ್ವಿಚ್ಚಿನ ಬಗ್ಗೆಯೂ ಹೇಳಿದ್ದಿರಬೇಕು. ನಾನು ಆಗ ಮಂಡಕ್ಕಿ ತಿನ್ನುತ್ತಿದ್ದೆ. ಕೊನೆಗೆ, "ಶುಕ್ರವಾರ ಅಜ್ಜಂಪುರದಲ್ಲಿ ನಿನ್ ಕೋತಿಚೇಷ್ಟೆ ಬೇಡ ಕಣೋ" ಎಂದ. "ನನ್ನ ಟಿಕೆಟ್ ಬ್ಯಾಗಿನಾಣೆ" ಎಂದೆ.

ಶುಕ್ರವಾರ ತಾವರೆ ಟ್ರಂಕು ನಮ್ಮ ಬಸ್ಸಿನಲ್ಲೇ ಹೊರಟಿತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಅದಕ್ಕೂ ಒಂದು ಟಿಕೆಟ್ ಹರಿದೆ. ಹಿಂದಿನ ಸೀಟಿನ ಅಜ್ಜಿ, "ಯಾರ ಮನೆ ಮದ್ವೆನಪ್ಪಾ?" ಎಂದಿತು. ಕುಲುಕಾಟಕ್ಕೆ ಸಡಿಲವಾದೀತು ಎಂದು ಪರಮೇಶಿ ಆ ಅವಳಿ ಪ್ಲಗ್ಗುಗಳನ್ನು ಕಿತ್ತಿಟ್ಟಿದ್ದ. ಅಜ್ಜಂಪುರದ ಮಹಡಿ ಹತ್ತಿದ ಮೇಲೆ ಮತ್ತೆ ಚುಚ್ಚಿದ. "ಕಪ್ಪಿನ ಪಕ್ಕ ಕಪ್ಪು" ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ಪಕ್ಕದಲ್ಲಿ ನಿಂತು ನಾನೂ ನೋಡಿದೆ. ಕಪ್ಪಿನ ಪಕ್ಕ ಕಪ್ಪೇ ಇತ್ತು.

ಅವನು ಮುಚ್ಚಳ ಹಾಕಿ ಶಾರದಮ್ಮನನ್ನು ಕರೆಯಲು ಕೆಳಗಿಳಿದ. ಕೋಣೆಯಲ್ಲಿ ನಾನೊಬ್ಬನೇ. ಟ್ರಂಕಿನ ಬೆನ್ನು ನನ್ನ ಕಡೆಗಿತ್ತು. ಬೆನ್ನಿನಲ್ಲಿ ಒಂದು ಸ್ವಿಚ್ಚು. ಇಷ್ಟು ವರ್ಷ ಬೆನ್ನಿನಲ್ಲಿರುವ ಸ್ವಿಚ್ಚು ಕಂಡಾಗ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಉಗುರಿನಿಂದ ಮೆಲ್ಲಗೆ ಆಚೆಗೆ ತಳ್ಳಿದೆ. ಪರದೆ ಕಪ್ಪಗಿರುತ್ತದೆ, ಅವನು ಅರ್ಧ ನಿಮಿಷ ಬಿಳುಚುತ್ತಾನೆ, ಆಮೇಲೆ "ಲೇ ರುದ್ರಾ" ಎನ್ನುತ್ತಾನೆ, ಮೇಡಂ ಕೂಡ ನಗುತ್ತಾರೆ. ನನ್ನ ಲೆಕ್ಕ ಇಷ್ಟೇ ಇತ್ತು.

ಕೆಲವು ಹೊರದೇಶಗಳಲ್ಲಿ ಕರೆಂಟಿನ ವೋಲ್ಟೇಜು ನಮ್ಮದರ ಅರ್ಧದಷ್ಟೇ; ಅದು ಆ ಅರ್ಧ ಕರೆಂಟಿಗೂ ನಮ್ಮ ಪೂರ್ತಿ ಕರೆಂಟಿಗೂ ಬದಲಾಯಿಸುವ ಸ್ವಿಚ್ಚು. ಅರ್ಧದ ಕಡೆ ತಳ್ಳಿ ಪೂರ್ತಿ ಕರೆಂಟು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಎರಡು ನಿಮಿಷದ ನಂತರ ಕಲಿತೆ. ಪರಮೇಶಿ ಶಾರದಮ್ಮನ ಜೊತೆ ಬಂದು ಸ್ವಿಚ್ ಹಾಕಿದ್ದೇ ತಡ, ಪಟಾರ್ ಎಂದಿತು. ತಾವರೆಯ ಸುತ್ತ ಬಿಳಿ ಹೊಗೆ. ಸುಟ್ಟ ವಾಸನೆ ಮೂಗಿಗೆ ಅಡರಿತು. "ಮೊದ್ಲು ಕಿಟಕಿ ತೆಗೀರಿ!" ಎಂದು ಶಾರದಮ್ಮ ಕೂಗಿದರು. ಪರಮೇಶಿ ಗೋಡೆಯ ಸ್ವಿಚ್ಚು ಆರಿಸಲು ಓಡಿದ. ಆ ಗದ್ದಲದಲ್ಲಿ ನಾನು ಟ್ರಂಕಿನ ಹಿಂದೆ ಬಗ್ಗಿ, ಕೆಂಪು ಸ್ವಿಚ್ಚನ್ನು ಮೊದಲಿದ್ದ ಕಡೆಗೆ ತಳ್ಳಿಬಿಟ್ಟೆ. ಯಾರೂ ನೋಡಲಿಲ್ಲ. ನನ್ನ ಕೈಚಳಕದ ಬಗ್ಗೆ ನಾನು ಸುಮ್ಮನೆ ಕೊಚ್ಚಿಕೊಳ್ಳುವವನಲ್ಲ.

ಪರಮೇಶಿ ಮುಚ್ಚಳ ಎತ್ತಿ, ಬೋರ್ಡಾದರೂ ಉಳಿಯಲಿ ಎಂದು ಪ್ಲಗ್ಗುಗಳನ್ನು ಕಿತ್ತ. ಆಮೇಲೆ ಹಿಂದೆ ಬಂದು ಬಗ್ಗಿ ಆ ಕೆಂಪು ಸ್ವಿಚ್ಚನ್ನು ನೋಡಿದ. ನನ್ನನ್ನು ನೋಡಿದ. ಸ್ವಿಚ್ಚು ಸರಿಯಾದ ಕಡೆಗೇ ಇತ್ತು. ಅವನ ಮುಖ ಸಣ್ಣದಾಯಿತು. ನನ್ನ ತೋಳು ಮುಟ್ಟಿ ಪಿಸುಗುಟ್ಟಿದ:

"ಬೇಜಾರ್ ಮಾಡ್ಕೋಬೇಡ ಕಣೋ. ಒಂದ್ ಗಳಿಗೆ ನಿನ್ ಮೇಲೇ ಅನ್ಮಾನ ಬಂದ್ಬಿಡ್ತು."

ನಾನು, "ಪರವಾಗಿಲ್ಲ ಬಿಡೋ" ಅಂದೆ. ನಿಜವಾಗಿಯೂ ಹಾಗೆ ಅಂದೆ.

ಶಾರದಮ್ಮ ಕೆಟ್ಟವರಲ್ಲ. ಹೊಗೆ ಇಳಿದ ಮೇಲೆ ಕುರ್ಚಿ ಎಳೆದು ಅವನನ್ನು ಕೂರಿಸಿ ಕೇಳಿದರು:

"ಯಾಕ್ ಹಿಂಗಾಯ್ತು ಅಂತ ಹೇಳಿ ಪರಮೇಶಪ್ಪನೋರೆ. ಕಾರಣ ಗೊತ್ತಾದ್ರೆ ನಾನು ಇನ್ನೊಂದು ತಿಂಗಳು ಬೇಕಾದ್ರೂ ಕಾಯ್ತೀನಿ. ಮಕ್ಕಳು ಕೂರೋ ಜಾಗ ಇದು, ನೋಡಿ."

ಅವನು ಯೋಚಿಸಿದ. ನನ್ನ ಕಡೆ ತಿರುಗಿದ. "ಪ್ಲಗ್ ಚುಚ್ಚುವಾಗ ಪಕ್ಕದಲ್ಲೇ ಇದ್ಯಲ್ಲೋ. ಕಪ್ಪಿನ ಪಕ್ಕ ಕಪ್ಪು ಇತ್ತಾ?"

"ನಾನ್ ಸರಿಯಾಗಿ ನೋಡ್ಲಿಲ್ಲ ಕಣೋ" ಅಂದೆ.

ಅವನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ. "ಗೊತ್ತಾಗ್ತಿಲ್ಲ ಮೇಡಂ. ನಾನೇ ತಪ್ಪು ಚುಚ್ಚಿದ್ನೋ, ಸಾಮಾನೇ ಒಂದಕ್ಕೊಂದು ಆಗಿಬರ್ಲಿಲ್ವೋ. ಗೊತ್ತಾಗ್ತಿಲ್ಲ" ಎಂದ. ಮುಂದಿನ ತಿಂಗಳು ಆ ಕೋಣೆಗೆ ಶಿವಮೊಗ್ಗದವರು ಬಂದರು.

ಆಮೇಲೆ ತಿಳಿದವರನ್ನು ಕೇಳಿದೆ. ಸತ್ತಿದ್ದು ಬಹುಶಃ ಈ ಡಬ್ಬಿ ಒಂದೇ. ಇನ್ನೊಂದು ತಂದು ಹಾಕಿದ್ದರೆ ಆ ಗುಬ್ಬಿಮರಿ ಮತ್ತೆ ಕೂಗುತ್ತಿತ್ತು. ಆದರೆ ಪರಮೇಶಿ ಇನ್ನೊಂದು ತರಲಿಲ್ಲ. ಯಾಕೆ ಕೆಟ್ಟಿತೆಂದು ಗೊತ್ತಿಲ್ಲದೆ ಮತ್ತೊಂದನ್ನು ಸುಡಲು ಅವನಿಗೆ ಮನಸ್ಸು ಬರಲಿಲ್ಲ. ನೋಟ್‌ಬುಕ್ಕು ತೆಗೆದು ಗೆರೆಗಳನ್ನು ಮೊದಲಿನಿಂದ ಎಳೆಯುತ್ತಿದ್ದ. ಡಬ್ಬಿಗೆ ಭಾರ ಹೆಚ್ಚಾಯಿತೇ, ಬೋರ್ಡು ಬೇರೆ ತಳಿಯದೇ, ಪ್ಲಗ್ಗು ಅದಲು ಬದಲಾಯಿತೇ. ನನ್ನ ಇಪ್ಪತ್ತು ನಿಮಿಷಗಳನ್ನು ನಾನು ಅವನ ಎದುರಿಗೆ ಕೂತು, ಅವನು ತಪ್ಪು ಜಾಗದಲ್ಲಿ ಹುಡುಕುವುದನ್ನು ನೋಡುತ್ತ ಕಳೆಯುತ್ತಿದ್ದೆ. ರಾಗಿ ಕಣಜದ ವಿಷಯಕ್ಕೆ ಹೂಂ ಅಂದವನಿಗೆ ಇದಕ್ಕೆ ಬಾಯಿ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ಬಸ್ಸು ಹತ್ತುತ್ತಿದ್ದೆ. ನಾಳೆ ಹೇಳುವುದು ಇವತ್ತಿಗಿಂತ ಕಷ್ಟವಾಗಿರುತ್ತಿತ್ತು.

ಅವನು ಸಾಮಾನುಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟ. ಬೀರೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದ. ನೆಲದ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಸುತ್ತುವುದು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಯೋಚಿಸುವ ಗೋಜಿಲ್ಲ. ಅಂಗಡಿ ಖಾಲಿ ಮಾಡುವ ದಿನ ನಾನು ಹೋದೆ. ಶೆಲ್ಫಿನಲ್ಲಿ ಟ್ರಾನ್ಸಿಸ್ಟರು ಒಂದೇ ಉಳಿದು ಹಾಡುತ್ತಿತ್ತು. ಅವನು ಗೋಡೆಯ ಮೊಳೆ ಕೀಳುತ್ತ, ನನಗೆ ಬೆನ್ನು ಮಾಡಿಯೇ ಕೇಳಿದ:

"ರುದ್ರಾ, ಅಜ್ಜಂಪುರಕ್ಕೆ ಹೋಗಿ ಬಂದ್ಮೇಲೆ ನೀನು ಒಂದ್ ದಿನಾನೂ ಈ ರೇಡಿಯೋ ಮುಟ್ಟಿಲ್ಲ ಅಲ್ವೇನೋ?"

ನಾನು ಬಾಗಿಲಲ್ಲೇ ನಿಂತಿದ್ದೆ. ಅಭ್ಯಾಸ ಬಿಟ್ಟುಹೋಯ್ತು, ವಯಸ್ಸಾಯ್ತು, ಏನಾದರೂ ಒಂದು ಹೇಳಬಹುದಿತ್ತು. ಊರಿಗೆಲ್ಲ ಸುಳ್ಳು ಹೇಳಿ ಜೀರ್ಣಿಸಿಕೊಂಡವನು ನಾನು.

"ಬಸ್ ಹಾರ್ನ್ ಹಾಕ್ತು ಕಣೋ" ಅಂದೆ. ಡ್ರೈವರ್ ಇನ್ನೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ. ಅದು ಅಲ್ಲಿಂದಲೇ ಇಬ್ಬರಿಗೂ ಕಾಣುತ್ತಿತ್ತು.

ಅವನು ಮೊಳೆ ಕಿತ್ತು ಮುಗಿಸಿದ. ಮೇಜಿನ ಕೆಳಗಿಂದ ಈ ಡಬ್ಬಿ ಎತ್ತಿ ಒರೆಸಿ ನನ್ನ ಕೈಗಿಟ್ಟ. "ಇದನ್ನ ನೀನೇ ಇಟ್ಕೋ" ಎಂದ. ಬೈಯಲಿಲ್ಲ. ಹೆಡ್‌ಮಾಸ್ತರರ ಏಟು ತಿಂದು ಬೆಂಚಿಗೆ ಬಂದಾಗ ಕೈಯನ್ನಾದರೂ ಊದಿಕೊಂಡಿದ್ದ, ಈ ಸಲ ಅದೂ ಇಲ್ಲ. ಬೀರೂರಿನಲ್ಲಿ ಬಸ್ಸು ನಿಂತಾಗ ಆಮೇಲೆಯೂ ಎಷ್ಟೋ ಸಲ ಅವನ ಕೆಲಸದ ಜಾಗ ಕಣ್ಣಿಗೆ ಬೀಳುತ್ತಿತ್ತು. ನಾನು ಟಿಕೆಟ್ ಎಣಿಸುತ್ತಿದ್ದೆ. ಪರಮೇಶಿ ತೀರಿಕೊಂಡು ಈಗ ಬಹಳ ವರ್ಷವಾಯಿತು. ಅವನ ಮಣ್ಣಿಗೂ ನಾನು ಹೋಗಿ, ಎಲ್ಲರ ಹಿಂದೆ ನಿಂತು ಬಂದೆ.

ಹೆಂಡತಿ ಗುಡಿಸಲು ಬಂದಾಗ ಡಬ್ಬಿಯನ್ನು ಕಾಲಿನಿಂದ ಆಚೆ ನೂಕುತ್ತಾಳೆ, ಗುಡಿಸಿದ ಮೇಲೆ ನಾನು ಎತ್ತಿ ಮತ್ತೆ ಬಾಗಿಲಿಗೆ ಒತ್ತು ಕೊಡುತ್ತೇನೆ. ಇಡುವ ಮೊದಲು ಒಮ್ಮೆ ತಿರುಗಿಸಿ ಆ ಕೆಂಪು ಸ್ವಿಚ್ಚು ಯಾವ ಕಡೆಗಿದೆ ಎಂದು ನೋಡುತ್ತೇನೆ. ಸರಿಯಾದ ಕಡೆಗೇ ಇರುತ್ತದೆ. ತಳ್ಳಿದವನು ನಾನೇ ಅಲ್ಲವೇ.